ಸಂಶಯಕ್ಕೂ ಎರಡನೇ ಅರ್ಧ ಉಂಟು

ಪ್ರಿಯ ಓದುಗರೇ,

ನಿಮ್ಮ ಪತ್ರದ ಸಾರ ಇಷ್ಟು: ಎದ್ದು, ಮುಖ ತೊಳೆದು, ಕೆಲಸಕ್ಕೆ ಹೊರಟು ನಿಂತಾಗ ನಿಮಗೆ ಎಚ್ಚರವಾಯಿತು. ಅಷ್ಟೂ ಕನಸು. ಹಾಗಾದರೆ ಈಗಿನ ಎಚ್ಚರವೂ ಇನ್ನೊಂದು ಕನಸಲ್ಲ ಎನ್ನಲು ಏನು ಆಧಾರ? ಚಿಟ್ಟೆಯಾದಂತೆ ಕನಸು ಕಂಡ ಪ್ರಾಚೀನ ಚೀನಾದ ಚಿಂತಕ ಜುವಾಂಗ್‌ಜಿ, ಬೆಂಕಿಯ ಮುಂದೆ ಕೂತು ತನ್ನ ಮೈಯನ್ನೇ ಶಂಕಿಸಿದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್, ಕೊನೆಗೆ ಶಂಕರಾಚಾರ್ಯರು, ಮೂವರನ್ನೂ ಸಾಕ್ಷಿಗೆ ಕರೆದಿದ್ದೀರಿ.

ಪ್ರಶ್ನೆ ಹಳೆಯದು, ಹಳಸಿದ್ದಲ್ಲ. ಕನಸಿನೊಳಗಿದ್ದಾಗಲೂ ಇದೇ ನಿಜ ಎಂಬ ಖಾತ್ರಿ ಇರುತ್ತದೆ. ಆದ್ದರಿಂದ ಆ ಖಾತ್ರಿಯೊಂದನ್ನೇ ನೆಚ್ಚುವಂತಿಲ್ಲ. ಇದನ್ನು ಒಪ್ಪಿದೆ. ನನ್ನ ತಕರಾರು ನಿಮ್ಮ ಸಾಕ್ಷಿಗಳ ಬಗ್ಗೆ.

ಶಂಕರರನ್ನೇ ಮೊದಲು ವಿಚಾರಿಸೋಣ. ಎಚ್ಚರವನ್ನೂ ಕನಸನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಶಂಕರರಿಗೂ ಹಿಂದಿನ ಅದ್ವೈತಿ ಗೌಡಪಾದರು, ಮಾಂಡೂಕ್ಯ ಕಾರಿಕೆಯ ವೈತಥ್ಯ ಪ್ರಕರಣದಲ್ಲಿ. ಅದಕ್ಕೆ ಶಂಕರರ ಹೆಸರಿನ ಭಾಷ್ಯವೂ ಇದೆ, ನಿಜ. ಆದರೆ ಬ್ರಹ್ಮಸೂತ್ರದ ಎರಡನೇ ಅಧ್ಯಾಯ, ಎರಡನೇ ಪಾದದ 29ನೇ ಸೂತ್ರ ತೆಗೆದು ನೋಡಿ: ‘ವೈಧರ್ಮ್ಯಾಚ್ಚ ನ ಸ್ವಪ್ನಾದಿವತ್’, ಅಂದರೆ ಸ್ವಭಾವವೇ ಬೇರೆಯಾದ್ದರಿಂದ ಎಚ್ಚರ ಕನಸು ಮುಂತಾದವುಗಳಂತಲ್ಲ. ಹೊರಗೆ ವಸ್ತುವೇ ಇಲ್ಲ, ಕನಸಿನ ಹಾಗೆ ಎಲ್ಲವೂ ಬರೀ ಅರಿವು ಎಂದ ಬೌದ್ಧ ವಿಜ್ಞಾನವಾದಿಗಳನ್ನು ಶಂಕರರು ಇಲ್ಲಿ ಸರಿಯಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಕನಸಿನಲ್ಲಿ ಕಂಡದ್ದು ಎದ್ದ ಮೇಲೆ ಸುಳ್ಳಾಗುತ್ತದೆ. ಎಚ್ಚರದಲ್ಲಿ ಕಂಡ ಕಂಬ ಯಾವ ಅವಸ್ಥೆಯಲ್ಲೂ ಹಾಗೆ ಸುಳ್ಳಾಗುವುದಿಲ್ಲ. ಕನಸು ನೆನಪು, ಎಚ್ಚರ ಅನುಭವ. ಎರಡರ ವ್ಯತ್ಯಾಸ ಯಾರಿಗೆ ಗೊತ್ತಿಲ್ಲ? ಆಮೇಲೆ ಕೊಡುವ ಉದಾಹರಣೆ ನೋಡಿ: ದೂರದಲ್ಲಿರುವ ಪ್ರೀತಿಯ ಮಗನನ್ನು ನೆನೆಯುತ್ತಿದ್ದೇನೆ, ಅವನು ಕಣ್ಣಿಗೆ ಕಾಣುತ್ತಿಲ್ಲ, ಕಾಣಬೇಕು ಎನ್ನುವ ತಂದೆಯ ಮಾತು. ಸನ್ಯಾಸಿಗೆ ಇಂಥ ಉದಾಹರಣೆ ಹೊಳೆದದ್ದೇ ನನಗೆ ಬೆರಗು. ಬ್ರಹ್ಮಜ್ಞಾನವಾದ ಮೇಲೆ ಜಗತ್ತೂ ಉಳಿಯದು ಎಂದು ನೀವು ಹೇಳಬಹುದು. ಆಗಲಿ, ಆ ಜ್ಞಾನ ಬರುವವರೆಗೆ ವ್ಯವಹಾರವೆಲ್ಲ ಸತ್ಯವೇ ಎಂದವರೂ ಅವರೇ.

ಡೆಕಾರ್ಟ್ ಕಥೆಯೂ ಇದೇ. 1641ರ ಅವನ ಪುಸ್ತಕದಲ್ಲಿ ‘ಧ್ಯಾನ’ ಎಂಬ ಹೆಸರಿನ ಅಧ್ಯಾಯಗಳು ಒಟ್ಟು ಆರು. ಎಲ್ಲರ ಬಾಯಲ್ಲಿರುವುದು ಮೊದಲನೆಯದು. ಆರನೆಯದರ ಕೊನೆಗೆ ಬಂದಾಗ ಆ ಶಂಕೆ ನಗೆಪಾಟಲು ಎಂದು ತಾನೇ ಕೈಬಿಡುತ್ತಾನೆ: ಎಚ್ಚರದ ಘಟನೆಗಳನ್ನು ನೆನಪು ಉಳಿದ ಬದುಕಿನ ಜೊತೆ ಹೆಣೆಯುತ್ತದೆ, ಕನಸನ್ನು ಹೆಣೆಯುವುದಿಲ್ಲ. ಎಲ್ಲಿಂದಲೋ ಬಂದು ಎಲ್ಲಿಗೋ ಮಾಯವಾದ ಮನುಷ್ಯನನ್ನು ಭ್ರಮೆ ಎನ್ನಲು ಅಡ್ಡಿಯಿಲ್ಲವಂತೆ. ಇನ್ನು ಜುವಾಂಗ್‌ಜಿ? ತನಗೂ ಚಿಟ್ಟೆಗೂ ಏನೋ ಭೇದ ಇರಲೇಬೇಕು ಎಂದೇ ಅವನು ಕಥೆ ಮುಗಿಸುವುದು. ಆ ಸಾಲನ್ನು ಯಾರೂ ಉದ್ಧರಿಸುವುದಿಲ್ಲ.

ನಿಮ್ಮ ಪತ್ರವನ್ನೇ ತೆಗೆದುಕೊಳ್ಳಿ. ಮೇಲ್ಗಡೆ ಹಿಂದಿನ ತಿಂಗಳ ಹೆಸರು ಬರೆದು, ಗೀಟೆಳೆದು, ಈ ತಿಂಗಳದ್ದನ್ನು ಪಕ್ಕದಲ್ಲಿ ತುರುಕಿದ್ದೀರಿ. ಕನಸಿನಲ್ಲಿ ಸತ್ತವರು ಬಂದು ಮಾತಾಡಿಸಿದರೂ ನಾವು ತಕರಾರು ಎತ್ತುವುದಿಲ್ಲ, ಅಲ್ಲಿ ತಾರೀಖು ತಿದ್ದುವವರು ಯಾರು?

ನನ್ನನ್ನು ಕೆರಳಿಸುವುದು ಈ ಅರ್ಧ ಓದು. ಸಂಶಯದ ಪುಟ ಓದಿ ಉತ್ತರ ಬರುವ ಮೊದಲೇ ಪುಸ್ತಕ ಮಡಿಸುವುದು ಈಗ ಪಾಂಡಿತ್ಯ ಎನಿಸಿಕೊಂಡಿದೆ. ನಾವೆಲ್ಲ ಕಂಪ್ಯೂಟರ್ ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ನಕಲಿ ಜಗತ್ತಿನ ಒಳಗಿದ್ದೇವೆ ಎಂದು ವೇದಿಕೆ ಏರಿ ಹೇಳುವವರು ತತ್ತ್ವಜ್ಞಾನಿ ನಿಕ್ ಬಾಸ್ಟ್ರಮ್‌ನ 2003ರ ಪ್ರಬಂಧದ ಹೆಸರು ಹೇಳುತ್ತಾರೆ. ಆತ ಇಟ್ಟದ್ದು ಮೂರು ಸಾಧ್ಯತೆ. ಅಂಥ ಜಗತ್ತು ಕಟ್ಟುವ ಶಕ್ತಿ ಬರುವ ಮೊದಲೇ ನಾಗರಿಕತೆಗಳು ಅಳಿಯಬಹುದು, ಬಂದರೂ ಅವಕ್ಕೆ ಅಂಥ ಆಟ ಬೇಡವಾಗಬಹುದು. ಇವೆರಡನ್ನೂ ನುಂಗಿ ಮೂರನೆಯದನ್ನಷ್ಟೇ ಚಪ್ಪಾಳೆಗೆ ಬಿಡುತ್ತಾರೆ. ದುಃಖದಲ್ಲಿರುವವರ ಮನೆಗೆ ಹೋಗಿ ‘ಎಲ್ಲಾ ಮಾಯೆ’ ಎನ್ನುವವರೂ ಇದೇ ಬಳಗ. ಎಚ್ಚರವೇ ಭ್ರಮೆ ಎಂದು ನಮಗೆ ಉದ್ದನೆಯ ಲೇಖನ ಕಳಿಸಿದ ಮಹನೀಯರೊಬ್ಬರು, ಗೌರವಧನ ಬರುವುದು ತಡವಾಯಿತೆಂದು ಕಾರ್ಡಿನ ಮೇಲೆ ಕಾರ್ಡು ಬರೆದರು. ಭ್ರಮೆಯ ದುಡ್ಡಿಗೆ ಅಷ್ಟು ಅವಸರವೇಕೋ!

ನೀವು ಆ ಜಾತಿಯವರಲ್ಲ. ನಿಮ್ಮ ಅಕ್ಷರದಲ್ಲೇ ತಳಮಳ ಕಾಣುತ್ತದೆ. ಸುತ್ತಲಿನದೆಲ್ಲ ಗಾಜಿನಾಚೆ ಇದ್ದಂತೆ ದಿನಗಟ್ಟಲೆ ಅನಿಸಿ ಹಿಂಸೆಯಾಗುತ್ತಿದ್ದರೆ ಅದು ತತ್ತ್ವದ ಪ್ರಶ್ನೆಯಲ್ಲ, ವೈದ್ಯರ ಹತ್ತಿರ ಹೋಗಿ. ಹಾಗಿಲ್ಲವಾದರೆ ಆ ಸೂತ್ರಭಾಷ್ಯವನ್ನೂ ಆರನೆಯ ಧ್ಯಾನವನ್ನೂ ಕೊನೆಯವರೆಗೆ ಓದಿ, ಮತ್ತೆ ಜಗಳಕ್ಕೆ ಬನ್ನಿ, ಪ್ರಕಟಿಸುತ್ತೇನೆ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಅಕ್ಷರ ಜೋಡಿಸುವವರು ಗೊಣಗುತ್ತಾರೆ.

— ಸಂಪಾದಕ