ಹಿಂದಿನ ಸಾಲು ಬೇಡ ಟೀಚರೇ

ಓದುಗರ ಪ್ರಶ್ನೆಗಳಿಗೆ ಮಡಿಕೇರಿಯ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ಮೇಡಂ, ನನಗೆ 69 ವರ್ಷ. ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು. ಸಿದ್ದಾಪುರದ ಹತ್ತಿರ ತೋಟದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಬಿಪಿಗೂ ಶುಗರಿಗೂ ಮಾತ್ರೆ ಇದೆ, ಎಡ ಮಂಡಿ ನೋವು. ಬೆಳಿಗ್ಗೆ ವಾಕಿಂಗ್ ಹೋಗೋಣವೆಂದರೆ ಆನೆ ಕಾಟ. ಬಿಸಿಲು ಬರುವ ಮೊದಲು ಗೇಟು ದಾಟುವ ಹಾಗಿಲ್ಲ. ಈಗ ಪೇಟೆಯ ಒಂದು ಹಾಲ್‌ನಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ವ್ಯಾಯಾಮದ ಕ್ಲಾಸ್ ಶುರುವಾಗಿದೆ. ಹೇಳಿಕೊಡುವವರು ಮಿಲಿಟರಿಯಿಂದ ನಿವೃತ್ತರಾದವರು. ಪಕ್ಕದ ತೋಟದವಳು ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ಆದರೆ ಅವಳಿಗೆ 50. ನೆಗೆಯುವುದು, ಬಸ್ಕಿ, ನೆಲದ ಮೇಲೆ ಮಲಗಿ ಏಳುವುದು ಎಲ್ಲ ಇದೆಯಂತೆ. ಕಳೆದ ಮಳೆಗಾಲದಲ್ಲಿ ಹಿತ್ತಿಲ ಪಾಚಿಯಲ್ಲಿ ಜಾರಿ ಬಿದ್ದಿದ್ದೆ. ಏನೂ ಮುರಿಯಲಿಲ್ಲ, ಆದರೆ ಆಮೇಲೆ ಹೆದರಿಕೆ. ಬೆಂಗಳೂರಿನ ಮಗ "ಸುಮ್ನೆ ಮನೆಯಲ್ಲಿರಿ ಅಮ್ಮ, ಬಿದ್ದರೆ ಯಾರು ನೋಡುತ್ತಾರೆ" ಎನ್ನುತ್ತಾನೆ. ನಾನು ಸೇರಬಹುದೇ?
— ಹೆಸರು ಬೇಡ, ಸಿದ್ದಾಪುರ

ಉತ್ತರ: ಸೇರಿ ಟೀಚರೇ. ಮಗನಿಗೆ ನನ್ನ ಹೆಸರು ಹೇಳಿ. ಅವರ ಭಯ ನನಗೆ ಅರ್ಥವಾಗುತ್ತದೆ, ದೂರದಲ್ಲಿರುವ ಮಕ್ಕಳೆಲ್ಲ ಹೀಗೇ ಹೇಳುವುದು. ಆದರೆ ಮನೆಯಲ್ಲಿ ಕೂತರೆ ಬೀಳುವುದು ತಪ್ಪುವುದಿಲ್ಲ. ಕೂತಷ್ಟೂ ತೊಡೆಯ ಶಕ್ತಿ ಇಳಿಯುತ್ತದೆ, ಆಮೇಲೆ ಪಾಚಿಯೇ ಬೇಕಾಗಿಲ್ಲ, ಹೊಸಿಲು ಎಡವಿದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಬೇಕು ಎಂದಿದೆ. ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಬ್ಯಾಲೆನ್ಸ್ ಮತ್ತು ಶಕ್ತಿ ಎರಡಕ್ಕೂ ಒತ್ತು ಕೊಡುವ ವ್ಯಾಯಾಮ ಮಾಡಿ ಎಂದೂ ಇದೆ, ಬೀಳುವುದನ್ನು ತಪ್ಪಿಸಲು. ನಿಮ್ಮ ಕ್ಲಾಸ್ ಸರಿಯಾಗಿ ಮೂರು ದಿನ. ಆನೆ ಇರುವ ಊರಿನಲ್ಲಿ ಬಾಗಿಲು ಹಾಕಿದ ಹಾಲ್‌ಗಿಂತ ಒಳ್ಳೆಯ ಜಾಗ ಎಲ್ಲಿದೆ ಹೇಳಿ?

ಹೋಗುವ ಮೊದಲು ಒಮ್ಮೆ ಡಾಕ್ಟರನ್ನು ನೋಡಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ ಆದರೂ ಆದೀತು, ಬಿಪಿ, ಶುಗರ್ ಅಲ್ಲೇ ನೋಡುತ್ತಾರೆ. ಹಿತ್ತಿಲಲ್ಲಿ ಬಿದ್ದ ಸುದ್ದಿಯನ್ನು ಮರೆಯದೆ ಹೇಳಿ. ಪಾಚಿಯಲ್ಲಿ ಜಾರಿದ್ದೇ ಆದರೆ ಅದಕ್ಕೆ ಕಾರಣ ಗೊತ್ತಾಯಿತು. ಕಣ್ಣು ಕತ್ತಲೆ ಬಂದೋ ಕಾಲು ಕುಸಿದೋ ಬಿದ್ದಿದ್ದರೆ ಅದು ಬೇರೆಯೇ ಮಾತು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಲು ಕೇಳಿಕೊಳ್ಳಿ. ಬಿಪಿ ಮಾತ್ರೆ ನುಂಗುವವರಲ್ಲಿ, ಅದರಲ್ಲೂ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಇದ್ದವರಲ್ಲಿ, ಎದ್ದ ಕೂಡಲೇ ಬಿಪಿ ಇಳಿದು ತಲೆಸುತ್ತು ಬರುವುದುಂಟು. ನೆಲದ ಮೇಲೆ ಮಲಗಿಸಿ "ಎದ್ದೇಳಿ" ಎನ್ನುವ ಕ್ಲಾಸಿನಲ್ಲಿ ಇದೇ ಎಡವಟ್ಟು.

ಎಲ್ಲರಿಗೂ ಟ್ರೆಡ್‌ಮಿಲ್ ಟೆಸ್ಟ್ ಬೇಕಿಲ್ಲ. ನಾನು ನಮ್ಮ ಕಡೆಯವರಿಗೆ ಕೇಳುವ ಪ್ರಶ್ನೆ ಒಂದಿದೆ: ಈಚೆಗೆ ಯಾವುದಾದರೂ ಮದುವೆಯಲ್ಲಿ ವಾಲಗಕ್ಕೆ ಕುಣಿದಿರಾ? ಕುಣಿದಾಗ ಎದೆ ಬಿಗಿಯಿತಾ, ಕಣ್ಣು ಮಂಜಾಯಿತಾ, ಎದೆ ಡವಡವ ಲಯ ತಪ್ಪಿತಾ? ಬರೀ ಬೆವರಿ, ಸುಸ್ತಾಗಿ, ಕುರ್ಚಿ ಹುಡುಕಿದ್ದರೆ ಅದು ಸಹಜ. ಮೊದಲು ಹೇಳಿದ ಮೂರರಲ್ಲಿ ಒಂದಾದರೂ ಆಗಿದ್ದರೆ, ಅಥವಾ ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತಿದ್ದರೆ, ಕ್ಲಾಸಿನ ಮಾತು ಆಮೇಲೆ, ಡಾಕ್ಟರ್ ಮೊದಲು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ, ನೀವು ಬೇರೆಯವರಿಗೆ ಎಷ್ಟು ಮಾಡಿಸಿಲ್ಲ! ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಣಿಸಿ. ಪಕ್ಕದ ಮನೆಯವಳು ಹತ್ತಿರ ನಿಂತಿರಲಿ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ ಆದರೆ ಕಾಲಿನ ಶಕ್ತಿ ಸಾಲದು, ಬೀಳುವ ಅಪಾಯ ಜಾಸ್ತಿ ಎಂದು ಲೆಕ್ಕ. ಗಂಡಸರಿಗೆ ಅದೇ ವಯಸ್ಸಿಗೆ 12. ಕಡಿಮೆ ಬಂದರೆ ಗಾಬರಿ ಬೇಡ. ಅದೇ ಎದ್ದು ಕೂರುವುದನ್ನು ದಿನಾ ಸ್ವಲ್ಪ ಸ್ವಲ್ಪ ಮಾಡಿ, ಒಂದೆರಡು ವಾರ ಬಿಟ್ಟು ಕ್ಲಾಸಿಗೆ ಹೋಗಿ.

ಇನ್ನು ಕ್ಲಾಸಿನ ವಿಷಯ. ಮೊದಲ ದಿನ ಸೇರಬೇಡಿ, ಬದಿಯಲ್ಲಿ ಕೂತು ನೋಡಿ. ಮೊದಲು ನೆಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ, ರೇನ್‌ಕೋಟು, ಚಪ್ಪಲಿ ಎಲ್ಲದರಿಂದ ನೀರು ತೊಟ್ಟಿಕ್ಕಿ ಟೈಲ್ಸ್ ನೆಲ ಒದ್ದೆ. ಅದನ್ನು ಬಾಗಿಲಲ್ಲೇ ಬಿಡಿಸುತ್ತಾರೋ, ಒಳಗೆ ಬರಲು ಬಿಡುತ್ತಾರೋ ನೋಡಿ. ಆಮೇಲೆ ಕಾಲು. ಚಳಿ ಎಂದು ಬರೀ ಸಾಕ್ಸ್‌ನಲ್ಲಿ ವ್ಯಾಯಾಮ ಮಾಡುವವರನ್ನು ಮಡಿಕೇರಿಯಲ್ಲಿ ಎಷ್ಟು ಬೇಕಾದರೂ ತೋರಿಸುತ್ತೇನೆ. ಟೈಲ್ಸ್ ಮೇಲೆ ಅದರಷ್ಟು ಜಾರುವುದು ಇನ್ನೊಂದಿಲ್ಲ. ಹಿಡಿತವಿರುವ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ, ಇಲ್ಲವೇ ಬರಿಗಾಲು. ಆದರೆ ಶುಗರಿನಿಂದ ಪಾದ ಜೋಮು ಹಿಡಿದಿದ್ದರೆ ಬರಿಗಾಲು ಬೇಡವೇ ಬೇಡ. ಹಾಲ್‌ನಲ್ಲಿ ನಾಲ್ಕು ಗಟ್ಟಿ ಕುರ್ಚಿ ಇದೆಯೇ? ಕರೆಂಟು ಹೋದರೆ ಬೆಳಕಿದೆಯೇ? ಇಷ್ಟು ಸರಿಯಿದ್ದರೆ ಸಾಕು, ಕನ್ನಡಿ, ಮ್ಯೂಸಿಕ್ ಸಿಸ್ಟಮ್ ಇಲ್ಲದಿದ್ದರೆ ನಷ್ಟವಿಲ್ಲ.

ಹೇಳಿಕೊಡುವವರು ಮಿಲಿಟರಿಯವರು ಅಂದಿರಿ. ನಮ್ಮ ಜಿಲ್ಲೆಯಲ್ಲಿ ಅದೇನು ಹೊಸತಲ್ಲ, ಮನೆಗೊಬ್ಬರು ಸಿಗುತ್ತಾರೆ. ಟೈಮಿಗೆ ಬರುತ್ತಾರೆ, ಯಾರು ಕುಂಟುತ್ತಿದ್ದಾರೆ ಎಂದು ದೂರದಿಂದಲೇ ಗುರುತಿಸುತ್ತಾರೆ, ಅದೆಲ್ಲ ಒಳ್ಳೆಯದೇ. ತೊಂದರೆ ಏನೆಂದರೆ ಅವರ ಕೈಯಲ್ಲಿ ಪಳಗಿದವರು ಇಪ್ಪತ್ತರ ಹುಡುಗರು. ಎಲ್ಲರೂ ಒಂದೇ ಎಣಿಕೆಗೆ ಮಾಡಬೇಕು ಎಂಬ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಕ್ಲಾಸ್ ಮುಗಿದ ಮೇಲೆ ಅವರೊಬ್ಬರನ್ನೇ ಕಂಡು ನೇರವಾಗಿ ಹೇಳಿ: "ಸರ್, ನನಗೆ 69, ಬಿಪಿ, ಶುಗರ್, ಎಡ ಮಂಡಿ ನೋವು, ಕಳೆದ ವರ್ಷ ಬಿದ್ದಿದ್ದೆ. ನಾನು ನೆಗೆಯುವುದಿಲ್ಲ, ಬೇಕಾದಾಗ ನಿಲ್ಲಿಸುತ್ತೇನೆ." ಅವರು "ಆಯ್ತಮ್ಮ, ಬದಲಿಗೆ ಇದು ಮಾಡಿ" ಎಂದರೆ ಸೇರಿ. "ಅದೆಲ್ಲ ಏನಿಲ್ಲ, ಮಾಡ್ತಾ ಮಾಡ್ತಾ ಸರಿ ಹೋಗ್ತದೆ" ಎಂದರೆ ನಮಸ್ಕಾರ ಹೇಳಿ ಬೇರೆ ಕ್ಲಾಸ್ ಹುಡುಕಿ. ನನ್ನ ಮಟ್ಟಿಗೆ ಸರ್ಟಿಫಿಕೇಟಿಗಿಂತ ಈ ಒಂದು ಉತ್ತರ ದೊಡ್ಡದು.

ಏಕೆಂದರೆ ಗುಂಪಿನಲ್ಲಿ ಪೆಟ್ಟಾಗುವುದು ವ್ಯಾಯಾಮದಿಂದಲ್ಲ, ಸಂಕೋಚದಿಂದ. ಪಕ್ಕದವಳು ಇನ್ನೂ ಮಾಡುತ್ತಿದ್ದಾಳೆ, ನಾನು ನಿಲ್ಲಿಸುವುದು ಹೇಗೆ ಎಂದು ಇನ್ನೂ ನಾಲ್ಕು ಸಲ ಬಗ್ಗುತ್ತೀರಿ ನೋಡಿ, ಆ ನಾಲ್ಕರಲ್ಲೇ ಬೆನ್ನು ಹಿಡಿಯುವುದು. ನನ್ನ ಹತ್ತಿರ ಹಾಗೆ ಬರುವವರಲ್ಲಿ ಟೀಚರುಗಳೂ ಕಡಿಮೆ ಇಲ್ಲ. ತಪ್ಪು ಮಾಡಿದ ಮಗುವನ್ನು ಬೈಯದೆ ತಿದ್ದಿದವರು ತಮ್ಮ ಮೈಯ ವಿಷಯದಲ್ಲಿ ಮಾತ್ರ ಬೆತ್ತ ಹಿಡಿಯುತ್ತಾರೆ!

ಆ ಸಂಕೋಚದಿಂದಲೇ ವಯಸ್ಸಾದವರು ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ನಿಮಗೆ ಹೇಳಿಕೊಡುವವರು ಕಾಣುವುದಿಲ್ಲ, ಅವರಿಗೆ ನೀವು ಕಾಣುವುದಿಲ್ಲ, ಹೇಳಿದ್ದು ಅರ್ಧ ಕೇಳುವುದಿಲ್ಲ. ಮುಂದಿನ ಸಾಲಿನ ತುದಿಯಲ್ಲಿ, ಗೋಡೆಯ ಪಕ್ಕ ನಿಲ್ಲಿ. ಕೈಗೆ ಸಿಗುವಷ್ಟು ದೂರದಲ್ಲಿ ಕುರ್ಚಿ ಇರಲಿ.

ನೆಗೆಯುವಾಗ ನೀವು ನಿಂತಲ್ಲೇ ಹೆಜ್ಜೆ ಹಾಕಿ. ಬಸ್ಕಿಯ ಬದಲು ಕುರ್ಚಿಯಲ್ಲಿ ಕೂತು ಏಳಿ, ಮಂಡಿ ಎಷ್ಟು ಮಡಿಯಲು ಒಪ್ಪುತ್ತದೋ ಅಷ್ಟೇ. ನೆಲದ ಪುಷ್‌ಅಪ್ ಬದಲು ಗೋಡೆಗೆ ಕೈ ಕೊಟ್ಟು ಮಾಡಿ. ಮೂಳೆ ಟೊಳ್ಳಾಗಿದೆ, ಅಂದರೆ ಆಸ್ಟಿಯೋಪೊರೋಸಿಸ್ ಇದೆ ಎಂದು ಡಾಕ್ಟರ್ ಹೇಳಿದ್ದರೆ ಸಿಟ್‌ಅಪ್, ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಬಗ್ಗಿಕೊಂಡೇ ಸೊಂಟ ತಿರುಗಿಸುವುದು ಬೇಡ, ಬೆನ್ನುಮೂಳೆ ಕುಸಿಯಬಹುದು. ಕಣ್ಣಿನ ಪ್ರೆಶರ್, ಅಂದರೆ ಗ್ಲಾಕೋಮಾ ಇದ್ದವರು ತಲೆ ಕೆಳಗೆ ಮಾಡುವ ಆಸನ ಬಿಡಬೇಕು. ಯಾವುದೇ ವ್ಯಾಯಾಮದಲ್ಲಿ ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಸರ್ರನೆ ಏರುತ್ತದೆ. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಹೋಗಿ ಬರುತ್ತದೆ. ನೆಲದಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಕುರ್ಚಿ ಹಿಡಿದು, ಒಂದು ನಿಮಿಷ ಕೂತು ಆಮೇಲೆ ನಿಲ್ಲಿ. ಹೀಗೆ ಏಳಲು ಆಗದಿದ್ದರೆ ಸದ್ಯಕ್ಕೆ ನೆಲದ ವ್ಯಾಯಾಮವೇ ಬೇಡ, ಕುರ್ಚಿಯ ಮೇಲೆ ಮಾಡಿ.

ಬೆಳಿಗ್ಗೆ ಬರೀ ಬೆಲ್ಲದ ಕಾಫಿ ಕುಡಿದು ಹೊರಡುವುದು ನಮ್ಮವರ ರೂಢಿ. ನಿಮಗೆ ಅದು ಸಾಲದು. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್ ಇದ್ದರೆ ಅಥವಾ ಇನ್ಸುಲಿನ್ ಇದ್ದರೆ ವ್ಯಾಯಾಮದ ನಡುವೆ ಇಳಿಯಬಹುದು. ಮಾತ್ರೆ ಯಾವಾಗ, ತಿಂಡಿ ಯಾವಾಗ ಎಂದು ಡಾಕ್ಟರನ್ನೇ ಕೇಳಿ. ಏನಿದ್ದರೂ ಒಂದು ಬಾಳೆಹಣ್ಣೋ ಅರ್ಧ ಅಕ್ಕಿ ರೊಟ್ಟಿಯೋ ತಿಂದು ಹೋಗಿ. ಗ್ಲೂಕೋಸ್ ಪುಡಿಯ ಪೊಟ್ಟಣ ಜೇಬಿನಲ್ಲಿರಲಿ. ಕೈ ನಡುಗಿದರೆ, ತಣ್ಣನೆ ಬೆವರಿದರೆ ಮೂರು ಚಮಚ ಪುಡಿಯನ್ನು ನೀರಿಗೆ ಹಾಕಿ ಕುಡಿದು ಕೂತುಕೊಳ್ಳಿ. ಚಳಿಯಲ್ಲಿ ಬಾಯಾರುವುದಿಲ್ಲ, ಆದರೂ ನೀರು ಕುಡಿಯಿರಿ. ಸ್ವೆಟರ್ ಮೈ ಬಿಸಿಯಾದ ಮೇಲೆ ತೆಗೆದರೆ ಸಾಕು. ಮೊದಲ ಹತ್ತು ನಿಮಿಷದ ವಾರ್ಮ್‌ಅಪ್ ತಪ್ಪಿದರೆ ಗುಂಪಿನ ನಡುವೆ ನುಗ್ಗಬೇಡಿ, ಬದಿಯಲ್ಲಿ ನೀವೇ ಮಾಡಿ ಆಮೇಲೆ ಸೇರಿಕೊಳ್ಳಿ.

ಎಷ್ಟು ಮಾಡಬೇಕು? ಪಕ್ಕದವಳ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು. ಮರುದಿನ ತೊಡೆ ಹಿಡಿದರೆ ಹಿಡಿಯಲಿ, ಎರಡು ದಿನದಲ್ಲಿ ಬಿಡುತ್ತದೆ. ಆದರೆ ಮಂಡಿ ನೋವು ಕ್ಲಾಸ್ ಮುಗಿದು ಎರಡು ಗಂಟೆ ಕಳೆದರೂ ಮೊದಲಿಗಿಂತ ಜಾಸ್ತಿಯೇ ಇದ್ದರೆ ಮುಂದಿನ ಸಲ ಕಡಿಮೆ ಮಾಡಿ. ಎದೆ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ಹೇಳಿ, ಕೂತುಕೊಳ್ಳಿ. ಎದೆ ನೋವಿಗೆ 108ಕ್ಕೆ ಫೋನ್ ಮಾಡಿಸಿ, "ಕಾರಿನಲ್ಲಿ ಮನೆಗೆ ಬಿಡಿ" ಎನ್ನಬೇಡಿ. ಮಗನ ನಂಬರ್, ಪಕ್ಕದ ತೋಟದವರ ನಂಬರ್, ನಿಮ್ಮ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಬರೆದು ಹೇಳಿಕೊಡುವವರ ಕೈಗೆ ಕೊಡಿ. ಬಿದ್ದರೆ ಯಾರು ನೋಡುತ್ತಾರೆ ಎಂದು ಕೇಳಿದ ಮಗನಿಗೂ ಆ ಚೀಟಿಯ ಫೋಟೋ ಕಳಿಸಿ.

ಪ್ರಶ್ನೆ: ನನಗೆ 66. ಎಂಟು ತಿಂಗಳ ಹಿಂದೆ ಬಲ ಮಂಡಿ ಬದಲಿಸಿದ್ದಾರೆ. ನಮ್ಮ ಸಮಾಜದ ಹೆಂಗಸರು ಉಮ್ಮತ್ತಾಟ್ ಅಭ್ಯಾಸ ಮಾಡುತ್ತಿದ್ದಾರೆ, ನನ್ನನ್ನೂ ಕರೆದರು. ಹೋಗಲೇ?
— ಒಬ್ಬ ಓದುಗರು, ವಿರಾಜಪೇಟೆ

ಉತ್ತರ: ಆಪರೇಷನ್ ಮಾಡಿದ ಡಾಕ್ಟರ್ ಒಪ್ಪಿದ್ದರೆ ಖಂಡಿತ ಹೋಗಿ ಅಕ್ಕ. ತಾಳ ಹಿಡಿದು, ಹಾಡುತ್ತಾ, ಸುತ್ತು ಹಾಕುವ ಕುಣಿತ. ಹಾಡಲು ಉಸಿರು ಸಾಕಾಗುತ್ತಿದೆ ಎಂದರೆ ಹೃದಯಕ್ಕೆ ಹೊರೆ ಜಾಸ್ತಿ ಇಲ್ಲ. ನೋಡಿಕೊಳ್ಳಬೇಕಾದ್ದು ತಿರುಗುವುದನ್ನು. ಪಾದ ಊರಿದ್ದಲ್ಲೇ ಬಿಟ್ಟು ಮಂಡಿಯಿಂದ ತಿರುಗಬೇಡಿ, ಸಣ್ಣ ಸಣ್ಣ ಹೆಜ್ಜೆ ಎತ್ತಿಟ್ಟು ತಿರುಗಿ. ಬಗ್ಗುವಾಗ ಸೊಂಟದಿಂದ ಸ್ವಲ್ಪ ಬಗ್ಗಿದರೆ ಸಾಕು, ಮಂಡಿ ಪೂರ್ತಿ ಮಡಿಸಬೇಕಿಲ್ಲ. ಸೀರೆ ಅಭ್ಯಾಸಕ್ಕೆ ಬೇಡ, ಕಾಲಿಗೆ ಸಿಗುತ್ತದೆ, ಚೂಡಿದಾರ್ ಹಾಕಿ. ಸಂಜೆ ಮಂಡಿ ಊದಿಕೊಂಡರೆ ಮರುದಿನ ರಜೆ. ಊತ ಜಾಸ್ತಿಯಾಗಿ ಬಿಸಿಯೂ ಆದರೆ, ಜ್ವರ ಬಂದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಕಾವೇರಮ್ಮನಾಗಿ ನಡುವೆ ನಿಲ್ಲುವ ಪಾತ್ರ ಯಾರಿಗೆ ಎಂದು ಇನ್ನೂ ನಿಶ್ಚಯ ಆಗದಿದ್ದರೆ ನಿಮಗೇ ಕೇಳಿಕೊಳ್ಳಿ. ಮಂಡಿಗೂ ಒಳ್ಳೆಯದು, ಫೋಟೋನೂ ಚೆನ್ನಾಗಿ ಬರುತ್ತದೆ.

ಪ್ರಶ್ನೆ: 72 ವರ್ಷ, ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಮೆಟೊಪ್ರೊಲಾಲ್ ನುಂಗುತ್ತೇನೆ. ಗುಂಪಿನ ಕ್ಲಾಸಿನಲ್ಲಿ "ಹಾರ್ಟ್ ರೇಟ್ 120 ದಾಟಿಸಿ" ಎನ್ನುತ್ತಾರೆ. ನನ್ನ ವಾಚಿನಲ್ಲಿ 95 ದಾಟುವುದೇ ಇಲ್ಲ. ಇನ್ನೂ ಜೋರಾಗಿ ಮಾಡಬೇಕೇ?
— ಕುಶಾಲನಗರದಿಂದ ಒಬ್ಬರು

ಉತ್ತರ: ಬೇಡ ಸರ್. ಆ ಮಾತ್ರೆಯ ಕೆಲಸವೇ ಹೃದಯದ ಬಡಿತವನ್ನು ತಡೆದು ಹಿಡಿಯುವುದು. 220ರಿಂದ ವಯಸ್ಸು ಕಳೆದು ಲೆಕ್ಕ ಹಾಕುವ ಸೂತ್ರ ಆ ಮಾತ್ರೆ ನುಂಗುವವರಿಗೆ ಹೊಂದುವುದಿಲ್ಲ. ವಾಚಿನ ಸಂಖ್ಯೆ ಬೆನ್ನಟ್ಟಿದರೆ ಶಕ್ತಿ ಮೀರಿ ಮಾಡುತ್ತೀರಿ. ಬಡಿತ ಹೆಚ್ಚಲಿ ಎಂದು ಮಾತ್ರೆ ಬಿಡುವುದಂತೂ ಕೂಡದು. ಮಾತಾಡಲು ಆಗುವಷ್ಟು ಏದುಸಿರು, ಅದೇ ನಿಮ್ಮ ಅಳತೆ. ಕೊನೆಯ ಹತ್ತು ನಿಮಿಷ ನಿಧಾನಕ್ಕೆ ಇಳಿಸುವುದನ್ನು ಬಿಟ್ಟು ಬೇಗ ಹೊರಡಬೇಡಿ, ಒಮ್ಮೆಲೇ ನಿಂತರೆ ಬಿಪಿ ಕುಸಿಯಬಹುದು. ಡಾಕ್ಟರ್ ನಾಲಿಗೆಯಡಿ ಇಡುವ ಮಾತ್ರೆ ಕೊಟ್ಟಿದ್ದರೆ ಅದು ಕಾರಿನಲ್ಲಲ್ಲ, ಜೇಬಿನಲ್ಲಿರಲಿ. ಕ್ಲಾಸ್ ನಡೆಸುವವರಿಗೆ ನೀವು ನುಂಗುವ ಮಾತ್ರೆಯ ಹೆಸರು ಹೇಳಿ. ಒಪ್ಪದಿದ್ದರೆ ನಿಮ್ಮ ಹೃದಯದ ಡಾಕ್ಟರ ಹತ್ತಿರ ಎರಡು ಸಾಲು ಬರೆಸಿಕೊಂಡು ಹೋಗಿ ತೋರಿಸಿ.