ಸಾಲ ತೀರುತ್ತಿದೆ, ಪಕ್ಕದ ಮನೆಯ ಹುಡುಗ ಬಂದಿಲ್ಲ

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ. 2018ರ ಮಳೆಯಲ್ಲಿ ಗುಡ್ಡ ಕುಸಿದು ಅರ್ಧ ತೋಟ ಹೋಯಿತು, ಸಾಲ ಉಳಿಯಿತು. ಈಗ ತಮ್ಮ ಒಬ್ಬ ಏಜೆಂಟನಿಗೆ ಹುಡುಗರನ್ನು ಹುಡುಕಿ ಕೊಡುತ್ತಾನೆ. ಟೂರಿಸ್ಟ್ ವೀಸಾದಲ್ಲಿ ಬ್ಯಾಂಕಾಕ್, ಅಲ್ಲಿಂದ ರಾತ್ರಿ ಹೊಳೆ ದಾಟಿಸಿ ಮ್ಯಾನ್ಮಾರ್. ತಲೆಗೆ ಇಷ್ಟು ಅಂತ ಕಮಿಷನ್. ಪಕ್ಕದ ಮನೆಯ ಹುಡುಗ ಹೋಗಿ ಎರಡು ತಿಂಗಳಾಯಿತು, ಈಗ ಫೋನೇ ಇಲ್ಲ. ‘ಅವನೇ ಹೋಗ್ತೀನಿ ಅಂದ, ನಾನು ಬರೀ ಕಳಿಸ್ದೆ’ ಅನ್ನುತ್ತಾನೆ ತಮ್ಮ. ಪೊಲೀಸರಿಗೆ ಹೇಳಲೇ? ಒಡಹುಟ್ಟಿದವನಲ್ವಾ?

ಉತ್ತರ: ಮೊದಲು ಆ ಹುಡುಗನ ವಿಷಯ. ಥಾಯ್ಲೆಂಡಿನ ಮೇ ಸೋಟ್‌ನಿಂದ ಮೋಯಿ ಹೊಳೆ ದಾಟಿದರೆ ಮ್ಯಾನ್ಮಾರಿನ ಮ್ಯಾವಡ್ಡಿ. ಕಂಪ್ಯೂಟರ್ ಕೆಲಸ ಅಂತ ಹೋದ ಎಷ್ಟೋ ಭಾರತೀಯರ ಪಾಸ್‌ಪೋರ್ಟ್ ಕಿತ್ತುಕೊಂಡು, ಕಾವಲಿನಲ್ಲಿಟ್ಟು, ಆನ್‌ಲೈನ್ ಮೋಸ ಮಾಡಿಸಿದ್ದಾರೆ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನದಲ್ಲಿ ಎರಡೇ ದಿನದಲ್ಲಿ 549 ಜನರನ್ನು ಕರೆತಂದರು. ಅಂದರೆ ವಾಪಸ್ ಬರುವ ದಾರಿ ಇದೆ. ಅದಕ್ಕೆ ಬೇಕಾದ ಮಾಹಿತಿ ನಿಮ್ಮ ತಮ್ಮನ ಫೋನಿನಲ್ಲಿದೆ.

ಅವನು ರಾಕ್ಷಸ ಅಂತ ನಾನು ಅಂದುಕೊಂಡಿಲ್ಲ. ಏಜೆಂಟ್ ಹುಡುಕುವುದೇ ಇಂಥವರನ್ನು. ಕೈಯಲ್ಲಿ ದುಡ್ಡಿರಬಾರದು, ಊರಲ್ಲಿ ಮರ್ಯಾದೆ ಇರಬೇಕು. ಕೊಡಗಿನಲ್ಲಿ ಮನೆ ಹೆಸರು ಹೇಳಿದರೆ ಸಾಕು, ಜನ ನಂಬುತ್ತಾರೆ. ಆ ತಾಯಿ ಮಗನನ್ನು ಕಳಿಸಿದ್ದು ಏಜೆಂಟನ ಮುಖ ನೋಡಿ ಅಲ್ಲ, ನಿಮ್ಮ ಮನೆ ನೋಡಿ. ನನಗೆ ಜಾಸ್ತಿ ಸಂಕಟವಾದದ್ದು ಇಲ್ಲೇ.

‘ಬರೀ ಕಳಿಸ್ದೆ’ ಅನ್ನುವ ಮಾತು ನಿಲ್ಲುವುದಿಲ್ಲ. 2022ರ ಜನವರಿಯಲ್ಲಿ ಕೆನಡಾದಿಂದ ಅಮೆರಿಕಕ್ಕೆ ಕದ್ದು ದಾಟಲು ಹೊರಟ ಗುಜರಾತಿನ ಒಂದೇ ಕುಟುಂಬದ ನಾಲ್ವರು ಹಿಮದಲ್ಲಿ ಸತ್ತರು. ಒಂದು ಮೂರು ವರ್ಷದ ಮಗು. ಗಡಿಯ ಆಚೆ ವ್ಯಾನ್ ತಂದಿದ್ದವನು ಟ್ಯಾಕ್ಸಿ ಡ್ರೈವರ್, ಗೊತ್ತಿಲ್ಲದೆ ಸಿಕ್ಕಿಕೊಂಡ ಅಂತ ವಕೀಲರು ವಾದಿಸಿದರು. ಆರೂವರೆ ವರ್ಷ ಜೈಲಾಯಿತು. ನಮ್ಮಲ್ಲೂ ನೋಂದಣಿ ಇಲ್ಲದೆ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವುದು 1983ರ ವಲಸೆ ಕಾಯ್ದೆಯಡಿ ಅಪರಾಧ.

ಹೇಳಿ. ಆದರೆ ಪೊಲೀಸರ ಹತ್ತಿರ ಹೋಗುವ ಮೊದಲು ಉಚಿತ ಕಾನೂನು ನೆರವಿನ 15100 ನಂಬರಿಗೆ ಫೋನ್ ಮಾಡಿ, ಇಲ್ಲವೇ ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಆಮೇಲೆ ತಮ್ಮನನ್ನು ಕೂರಿಸಿಕೊಂಡು ಮಾತಾಡಿ. ಏಜೆಂಟನ ನಂಬರ್, ದುಡ್ಡು ಬಂದ ಖಾತೆ, ಹುಡುಗರ ಪಾಸ್‌ಪೋರ್ಟ್ ಪ್ರತಿ ಹಿಡಿದು ಅವನೇ ಠಾಣೆಗೆ ಬರಲಿ. ಶಿಕ್ಷೆ ತಪ್ಪುತ್ತದೆ ಅಂತ ನಾನು ಮಾತು ಕೊಡಲಾರೆ. ಬರಲ್ಲ ಅಂದರೆ, ಕಾಯಬೇಡಿ, ನೀವೇ ಹೋಗಿ. ಅಮ್ಮನಿಗೂ ನೀವೇ ಹೇಳಬೇಕಾಗುತ್ತದೆ.

ಇವತ್ತು ಸಂಜೆ ಮಾತ್ರ ಪಕ್ಕದ ಮನೆಗೆ ಹೋಗಿ. ಹುಡುಗ ಕೊನೆಯ ಸಲ ಯಾವ ನಂಬರಿನಿಂದ ಮಾತಾಡಿದ ಅಂತ ಕೇಳಿ ಬರೆದುಕೊಳ್ಳಿ.