ಡೆಪೆಷ್ ಮೋಡ್ ಸಿಂಗಲ್ಸ್: ಯಾವ ದೇಶದ್ದು ಕೊಳ್ಳಬೇಕು, ಯಾವುದು ಬಿಡಬಹುದು

ಸರ್, ನಮ್ಮ ರೆಕಾರ್ಡ್ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಓದಿ ಸ್ವಲ್ಪ ನಗು ಬಂತು. ಬೇಜಾರು ಮಾಡ್ಕೋಬೇಡಿ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಹೊಸದರಲ್ಲಿ ನಾನೂ ಇದನ್ನೇ ಕೇಳಿಕೊಂಡು ತಿರುಗುತ್ತಿದ್ದೆ. ನೀವು ಕೇಳಿರುವುದು ಮೂರು ವಿಷಯ. ಡೆಪೆಷ್ ಮೋಡ್ ಬ್ಯಾಂಡಿನ ಒಂದೇ ಸಿಂಗಲ್‌ನ, ಅಂದರೆ ಒಂದು ಮುಖ್ಯ ಹಾಡಿನ ರೆಕಾರ್ಡಿನ, ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೂರೂ ಪ್ರೆಸಿಂಗ್ (ಆಯಾ ದೇಶಕ್ಕೆ ಒತ್ತಿದ ಪ್ರತಿ) ಬೇಕಾ? ಯಾವ ದೇಶದ್ದು ಅಂತ ಗುರುತು ಹಿಡಿಯುವುದು ಹೇಗೆ? ಜರ್ಮನಿಯಲ್ಲಿ ಒಬ್ಬರು 14 ರೆಕಾರ್ಡ್ ಒಟ್ಟಿಗೆ ಮಾರುತ್ತಿದ್ದಾರೆ, ತಗೊಂಡು ಮೈಸೂರಿಗೆ ತರಿಸಿಕೊಳ್ಳಲಾ?

ಮೊದಲನೆಯದಕ್ಕೆ ನನ್ನ ಉತ್ತರ: ಬೇಡ. ಹಾಡು ಅಥವಾ ಮಿಕ್ಸ್ (ಅದೇ ಹಾಡಿನ ಬೇರೆ ರೂಪ) ಬೇರೆ ಇದ್ದರೆ ಕೊಳ್ಳಿ. ಕವರಿನ ಹಿಂದೆ ಕಂಪನಿ ಹೆಸರು ಮಾತ್ರ ಬೇರೆ ಇದ್ದರೆ ಬಿಡಿ. ಹತ್ತು ದೇಶದ ‘ಎವ್ರಿಥಿಂಗ್ ಕೌಂಟ್ಸ್’ ಸಾಲಾಗಿ ಇಟ್ಟುಕೊಂಡವರ ಮನೆಗೆ ಹೋಗಿದ್ದೇನೆ. ನೋಡೋಕೆ ಚೆನ್ನಾಗಿರುತ್ತೆ, ಕೇಳೋದು ಒಂದನ್ನೇ.

ಇಂಗ್ಲೆಂಡಿನಿಂದ ಶುರು ಮಾಡಿ. ಡೆಪೆಷ್ ಮೋಡ್‌ನವರು ಎಸೆಕ್ಸ್‌ನ ಬ್ಯಾಸಿಲ್ಡನ್ ಊರಿನವರು, ಡೇನಿಯಲ್ ಮಿಲ್ಲರ್‌ನ ಮ್ಯೂಟ್ ಕಂಪನಿಗೆ ಹಾಡಿದವರು. ಹಾಗಾಗಿ ಮ್ಯೂಟ್‌ನ ನಂಬರುಗಳೇ ನಿಮಗೆ ದಾರಿ. ಮೊದಲ ಸಿಂಗಲ್ ‘ಡ್ರೀಮಿಂಗ್ ಆಫ್ ಮಿ’ 1981ರ ಫೆಬ್ರವರಿಯಲ್ಲಿ ಬಂತು, ಮ್ಯೂಟ್ 013. ಆಮೇಲೆ ‘ನ್ಯೂ ಲೈಫ್’ 014, ‘ಜಸ್ಟ್ ಕಾಂಟ್ ಗೆಟ್ ಇನಫ್’ 016. 1982ರ ‘ಲೀವ್ ಇನ್ ಸೈಲೆನ್ಸ್’ನಿಂದ ಇವರಿಗೇ ಅಂತ ಬೇರೆ ಸರಣಿ ಶುರುವಾಯಿತು, ಅದೇ ಬಾಂಗ್ 1. ‘ಗೆಟ್ ದ ಬ್ಯಾಲೆನ್ಸ್ ರೈಟ್’ ಬಾಂಗ್ 2, ‘ಪೀಪಲ್ ಆರ್ ಪೀಪಲ್’ ಬಾಂಗ್ 5, ‘ಪರ್ಸನಲ್ ಜೀಸಸ್’ ಬಾಂಗ್ 17, ‘ಎಂಜಾಯ್ ದ ಸೈಲೆನ್ಸ್’ ಬಾಂಗ್ 18. ಈ ಸರಣಿಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ನಂಬರಿನ ಮುಂದೆ ಬರುವ ಅಕ್ಷರಗಳಲ್ಲೇ ಮಜಾ ಇರೋದು. 7 ಅಂದರೆ ಏಳು ಇಂಚು, 12 ಅಂದರೆ ಹನ್ನೆರಡು ಇಂಚು, ಸಿ ಅಂದರೆ ಕ್ಯಾಸೆಟ್, ಸಿಡಿ ಅಂದರೆ ಸಿಡಿ. ಅದರ ಮುಂದೆ ‘ಎಲ್’ ಇದ್ದರೆ ಲಿಮಿಟೆಡ್, ‘ಎಕ್ಸ್ಎಲ್’ ಇದ್ದರೆ ಇನ್ನೊಂದು ಲಿಮಿಟೆಡ್. 1990ರಲ್ಲಿ ‘ಎಂಜಾಯ್ ದ ಸೈಲೆನ್ಸ್’ ಒಂದಕ್ಕೇ ಇಂಗ್ಲೆಂಡಿನಲ್ಲಿ ಏಳು, ಹನ್ನೆರಡು, ಕ್ಯಾಸೆಟ್, ಸಿಡಿ, ಅದರ ಮೇಲೆ ಎಲ್, ಎಕ್ಸ್ಎಲ್ ಅಂತ ಹನುಮಂತನ ಬಾಲ ಬೆಳೆದಿತ್ತು. ಅದರಲ್ಲಿ ಎಕ್ಸ್ಎಲ್ ಹನ್ನೆರಡು ಇಂಚು ಸಿಕ್ಕರೆ ಬಿಡಬೇಡಿ. ಒಂದೇ ಬದಿಗೆ ಹಾಡು, ‘ದ ಕ್ವಾಡ್: ಫೈನಲ್ ಮಿಕ್ಸ್’ ಅನ್ನುವ ಸುಮಾರು 15 ನಿಮಿಷದ ಮಿಕ್ಸ್. ಇನ್ನೊಂದು ಬದಿಯಲ್ಲಿ ಗೆರೆಯೇ ಇಲ್ಲ, ವಿನೈಲ್ ಮೇಲೆ ಚಿತ್ರ ಕೆತ್ತಿದ್ದಾರೆ. ನಮ್ಮನೆಗೆ ಬಂದವರಿಗೆ ನಾನು ಮೊದಲು ತೋರಿಸೋದು ಅದನ್ನೇ. ದಯವಿಟ್ಟು ಆ ಬದಿಗೆ ಸೂಜಿ ಇಡಬೇಡಿ.

ಆದರೆ ಇಡೀ ಸಂಗ್ರಹದಲ್ಲಿ ನನಗೆ ಹೆಚ್ಚು ಇಷ್ಟ ಮೂರು ರೆಕಾರ್ಡು: ಬಾಂಗ್ 2, 3, 4ರ ಎಲ್ 12 ಆವೃತ್ತಿಗಳು. ಇವನ್ನು ಸಿಂಗಲ್ ಅನ್ನೋದಕ್ಕಿಂತ ಇಪಿ (ಸಿಂಗಲ್‌ಗಿಂತ ಹೆಚ್ಚು, ಆಲ್ಬಮ್ಮಿಗಿಂತ ಕಡಿಮೆ ಹಾಡಿರುವ ರೆಕಾರ್ಡು) ಅನ್ನಬಹುದು. 1982ರ ಅಕ್ಟೋಬರ್ 25ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ನಡೆದ ಕಾರ್ಯಕ್ರಮವನ್ನು ತುಂಡು ಮಾಡಿ ಈ ಮೂರಕ್ಕೆ ಹಂಚಿದ್ದಾರೆ. ಬಾಂಗ್ 2ರಲ್ಲಿ ‘ಮೈ ಸೀಕ್ರೆಟ್ ಗಾರ್ಡನ್’, ‘ಸೀ ಯೂ’, ‘ಸ್ಯಾಟಲೈಟ್’, ‘ಟೋರಾ ಟೋರಾ ಟೋರಾ’. ಉಳಿದ ಹಾಡುಗಳು ಮುಂದಿನ ಎರಡರಲ್ಲಿ. ಮೂರನ್ನೂ ಒಂದಾದ ಮೇಲೊಂದು ಹಾಕಿದರೆ ಒಂದು ಸಂಜೆಯ ಕಾರ್ಯಕ್ರಮ ಕಿವಿಗೆ ಬರುತ್ತದೆ. ಸಾಮಾನ್ಯ 12 ಬಾಂಗ್‌ನಲ್ಲಿ ಈ ಲೈವ್ ಹಾಡುಗಳು ಇಲ್ಲ. ಬಾಂಗ್ 5 ಮತ್ತು 6ರ ಎಲ್ 12 ಬೇರೆ ಕಾರಣಕ್ಕೆ ಬೇಕು. ಅವುಗಳಲ್ಲಿ ಆನ್-ಯು ಸೌಂಡ್ ಅನ್ನುವ ರೆಕಾರ್ಡ್ ಕಂಪನಿಯ ಏಡ್ರಿಯನ್ ಶೆರ್‌ವುಡ್ ಮಾಡಿದ ರೀಮಿಕ್ಸ್‌ಗಳಿವೆ, ತಗಡು ಬಡಿದ ಹಾಗೆ ಶಬ್ದ, ನನಗಂತೂ ಹುಚ್ಚು.

ಇಲ್ಲೇ ನಾನು ಕೈ ಸುಟ್ಟುಕೊಂಡದ್ದು. ಬಾಂಗ್ 4ರ ಎಲ್ 12 ಅಂತ ಆನ್‌ಲೈನ್‌ನಲ್ಲಿ ಒಬ್ಬರಿಂದ ತರಿಸಿದೆ. ಕವರು ಸರಿಯಾಗಿಯೇ ಇತ್ತು, ಮೂಲೆ ಕೂಡ ಮಡಚಿರಲಿಲ್ಲ. ಸಂಜೆ ಟೀ ಮಾಡಿಕೊಂಡು ಬಂದು ಹಾಕಿದರೆ ಲೈವ್ ಹಾಡೇ ಬರುತ್ತಿಲ್ಲ. ರೆಕಾರ್ಡನ್ನು ಟೇಬಲ್ ಲ್ಯಾಂಪಿಗೆ ಓರೆಯಾಗಿ ಹಿಡಿದು ನೋಡಿದೆ. ಕೊನೆಯ ಹಾಡು ಮುಗಿದು ಲೇಬಲ್ ಶುರುವಾಗುವ ಮುಂಚೆ ನುಣುಪಾದ ಒಂದು ಪಟ್ಟಿ ಇರುತ್ತದಲ್ಲ, ರನ್‌ಔಟ್ ಅಂತೀವಿ, ಅಲ್ಲಿ ಕೆತ್ತಿದ್ದ ನಂಬರಿನಲ್ಲಿ ‘ಎಲ್’ ಇರಲೇ ಇಲ್ಲ. ಲಿಮಿಟೆಡ್ ಕವರಿನ ಒಳಗೆ ಸಾಮಾನ್ಯ ರೆಕಾರ್ಡು. ಮಾರಿದವರು ಬೇಕಂತ ಮಾಡಿದರೋ, ಅವರಿಗೂ ಯಾರೋ ಹಾಗೇ ಕೊಟ್ಟಿದ್ದರೋ, ಜಗಳ ಆಡೋಕೆ ಹೋಗಲಿಲ್ಲ. ಅವತ್ತಿನಿಂದ ಎರಡೂ ಬದಿಯ ರನ್‌ಔಟ್ ಫೋಟೋ ಕಳಿಸದೆ ಯಾರಿಗೂ ದುಡ್ಡು ಹಾಕಿಲ್ಲ.

ಇನ್ನು ಅಮೆರಿಕ. ಅಲ್ಲಿ ಇವರ ರೆಕಾರ್ಡು ತಂದದ್ದು ಸೈರ್ ಕಂಪನಿ. ಈ ದೇಶದ್ದನ್ನು ಖಂಡಿತ ನೋಡಿ, ಯಾಕೆಂದರೆ ಸೈರ್‌ನವರು ತಮಗೆ ಬೇಕಾದ ಹಾಗೆ ಬದಲಾಯಿಸುತ್ತಿದ್ದರು. 1986ರ ‘ಸ್ಟ್ರಿಪ್ಡ್’ ತಗೊಳ್ಳಿ. ಇಂಗ್ಲೆಂಡಿನಲ್ಲಿ ಅದು ಮುಖ್ಯ ಹಾಡು, ‘ಬಟ್ ನಾಟ್ ಟುನೈಟ್’ ಹಿಂಬದಿಗೆ. ಅಮೆರಿಕದಲ್ಲಿ ಒಂದು ಸಿನಿಮಾದಲ್ಲಿ ಬಳಸಿದ್ದಕ್ಕೆ ಹಿಂಬದಿಯ ಹಾಡನ್ನೇ ಮುಂದೆ ತಂದು ಬೇರೆ ಮಿಕ್ಸ್ ಮಾಡಿಸಿದರು, ಪಾಪ ‘ಸ್ಟ್ರಿಪ್ಡ್’ ಹಿಂದಕ್ಕೆ ಹೋಯಿತು. ‘ಮಾಸ್ಟರ್ ಅಂಡ್ ಸರ್ವೆಂಟ್’ಗೆ ಅಲ್ಲಿ ‘ಬ್ಲ್ಯಾಕ್ ಅಂಡ್ ಬ್ಲೂ’ ಅನ್ನುವ ಬೇರೆ ಮಿಕ್ಸ್ ಇದೆ. ‘ಸ್ಟ್ರೇಂಜ್‌ಲವ್’ ಅನ್ನು 1988ರಲ್ಲಿ ಹೊಸದಾಗಿ ಮಿಕ್ಸ್ ಮಾಡಿಸಿ ಮತ್ತೆ ಬಿಟ್ಟರು. ಮೊದಲ ಆಲ್ಬಮ್ಮಿಗೂ ಹೀಗೇ ಮಾಡಿದ್ದರು: ಇಂಗ್ಲೆಂಡಿನ ‘ಸ್ಪೀಕ್ ಅಂಡ್ ಸ್ಪೆಲ್’ನಲ್ಲಿ ‘ಡ್ರೀಮಿಂಗ್ ಆಫ್ ಮಿ’ ಇಲ್ಲ, ಅಮೆರಿಕದ್ದರಲ್ಲಿ ಇದೆ.

ಅಮೆರಿಕದ ಕವರುಗಳಲ್ಲಿ ಒಂದು ಮೂಲೆ ಕತ್ತರಿಸಿರುವುದು, ಅಂಚಿಗೆ ಗರಗಸ ಹಾಕಿದಂಥ ಗೀರು, ಸಣ್ಣ ತೂತು ಕಂಡರೆ ಹೆದರಬೇಡಿ. ಅಂಗಡಿಯಲ್ಲಿ ಉಳಿದ ಮಾಲನ್ನು ಕಡಿಮೆ ಬೆಲೆಗೆ ಹೊರಗೆ ಹಾಕುವಾಗ ಹಾಗೆ ಗುರುತು ಮಾಡುತ್ತಿದ್ದರು. ಎಷ್ಟೋ ಸಲ ಒಳಗಿನ ರೆಕಾರ್ಡು ಒಮ್ಮೆಯೂ ಹಾಕಿರುವುದಿಲ್ಲ. ಚೌಕಾಸಿ ಮಾಡೋಕೆ ಒಳ್ಳೇ ನೆಪ. ಅಲ್ಲಿನ ಏಳು ಇಂಚಿಗೆ ನಡುವೆ ದೊಡ್ಡ ತೂತು ಇರುತ್ತದೆ, ಪ್ಲಾಸ್ಟಿಕ್ ಅಡಾಪ್ಟರ್ ಇಲ್ಲದಿದ್ದರೆ ಕೂರುವುದಿಲ್ಲ.

ಜರ್ಮನಿಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಮೊದಲೇ ಹೇಳಿಬಿಡ್ತೀನಿ. ಎಂಬತ್ತರ ದಶಕದಲ್ಲಿ ಇಲ್ಲಿ ಇವರ ರೆಕಾರ್ಡು ತರುತ್ತಿದ್ದದ್ದು ಇಂಟರ್‌ಕಾರ್ಡ್, ಇದೇ ಸ್ಟುಟ್‌ಗಾರ್ಟ್‌ನ ಕಂಪನಿ. ‘ಪೀಪಲ್ ಆರ್ ಪೀಪಲ್’ 1984ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಇಂಗ್ಲೆಂಡಿನಲ್ಲೇ ಅದು ನಾಲ್ಕಕ್ಕೆ ನಿಂತಿತ್ತು. ಹಾಗಾಗಿ ಇಲ್ಲಿ ಮಾಲು ಧಾರಾಳ. ಶನಿವಾರ ಬೆಳಿಗ್ಗೆ ಕಾರ್ಲ್ಸ್‌ಪ್ಲಾಟ್ಸ್‌ನ ಹಳೇ ಸಾಮಾನಿನ ಸಂತೆಗೆ ಹೋದರೆ ಮೇಜಿನ ಮೇಲೆ ಹುಡುಕಬೇಡಿ, ಕೆಳಗಿನ ಪೆಟ್ಟಿಗೆಯಲ್ಲಿ ಹುಡುಕಿ. ಮೊಣಕಾಲೂರಿ ಕೂತು ಒಂದೊಂದೇ ಕವರು ಹಿಂದಕ್ಕೆ ಸರಿಸುತ್ತಾ ಹೋಗಬೇಕು, ಬೆರಳ ತುದಿ ಕಪ್ಪಾಗುತ್ತದೆ. ನನ್ನ ‘ಶೇಕ್ ದ ಡಿಸೀಸ್’ ಸಿಕ್ಕಿದ್ದು ಹಾಗೆಯೇ. ಲೇಬಲ್ ಮೇಲೆ ಯಾರೋ ಹುಡುಗಿ ಬಾಲ್‌ಪೆನ್‌ನಲ್ಲಿ ದುಂಡಗೆ ಹೆಸರು ಬರೆದುಕೊಂಡಿದ್ದಾಳೆ. ಅಜ್ಜ ಐದು ಯೂರೋಗೆ ಹಿಡಿದ ಪಟ್ಟು ಬಿಡಲಿಲ್ಲ. ನಾಲ್ಕಕ್ಕೆ ಕೊಡಿ ಅಂದಿದ್ದಕ್ಕೆ ನನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿದ.

ಇಂಟರ್‌ಕಾರ್ಡ್‌ನ ಹನ್ನೆರಡು ಇಂಚುಗಳಲ್ಲಿ ಹಾಡು ಸಾಮಾನ್ಯವಾಗಿ ಇಂಗ್ಲೆಂಡಿನದೇ. ನಿಮಗೆ ಬೇಕಾಗಬಹುದಾದ್ದು ಬಣ್ಣದ ವಿನೈಲಿನ ಪ್ರತಿಗಳು. ಬಣ್ಣ ನೋಡಿ ಮನಸ್ಸು ಕರಗಿದರೆ ಒಂದೋ ಎರಡೋ ತಗೊಳ್ಳಿ. ಎಲ್ಲ ಬಣ್ಣ ಸೇರಿಸೋಕೆ ಹೊರಟರೆ ಅದಕ್ಕೆ ಕೊನೆಯಿಲ್ಲ.

ಫ್ರಾನ್ಸ್‌ನಲ್ಲಿ ಇವರ ರೆಕಾರ್ಡು ತಂದದ್ದು ಮೊದಲು ವೋಗ್ ಕಂಪನಿ, ಆಮೇಲೆ ವರ್ಜಿನ್. ಅಲ್ಲಿಂದ ಒಂದು ಬೇಕೇ ಬೇಕು: 1988ರ ‘ಲಿಟಲ್ 15’. ಅದು ಯುರೋಪಿನ ಬೇರೆ ದೇಶಗಳಿಗೆ ಅಂತ ಮಾಡಿದ್ದು. ಇಂಗ್ಲೆಂಡಿಗೆ ಆಮದಾಗಿಯೇ ಬಂದು ಅಲ್ಲಿನ ಪಟ್ಟಿಯಲ್ಲಿ 60ನೇ ಸ್ಥಾನ ಹಿಡಿಯಿತು. ಇದಕ್ಕೆ ಬಾಂಗ್ ನಂಬರೇ ಇಲ್ಲ, ನಂಬರಿನ ಜಾಗದಲ್ಲೂ ‘ಲಿಟಲ್ 15’ ಅಂತಲೇ ಇರುತ್ತದೆ. ಬಾಂಗ್ ಪಟ್ಟಿ ಹಿಡಿದುಕೊಂಡು ಹುಡುಕುವವರು ಇದನ್ನು ಮರೆತೇಬಿಡ್ತಾರೆ. ಜಪಾನಿನದ್ದು ಚೆಂದ, ದುಬಾರಿ. ಕವರಿನ ಪಕ್ಕ ಸುತ್ತುವ ಓಬಿ ಅನ್ನುವ ಕಾಗದದ ಪಟ್ಟಿ ಇಲ್ಲದಿದ್ದರೆ ಆ ಬೆಲೆ ಕೊಡಬೇಡಿ.

ದೇಶ ಗುರುತಿಸಲು ಸುಲಭದ ಉಪಾಯ ಲೇಬಲ್ ಮೇಲಿನ ಸಣ್ಣ ಚೌಕ. ಹಾಡಿನ ಹಕ್ಕಿನ ದುಡ್ಡು ವಸೂಲಿ ಮಾಡುವ ಸಂಘದ ಹೆಸರು ಅಲ್ಲಿರುತ್ತದೆ. ಗೆಮಾ ಅಂದರೆ ಜರ್ಮನಿ, ಸಾಸೆಮ್ ಅಂದರೆ ಫ್ರಾನ್ಸ್, ಸ್ಟೆಮ್ರಾ ಅಂದರೆ ಹಾಲೆಂಡ್, ಸಿಯಾಯೆ ಅಂದರೆ ಇಟಲಿ, ಜಾಸ್ರಾಕ್ ಅಂದರೆ ಜಪಾನ್. ಎರಡು ಮೂರು ಹೆಸರು ಒಟ್ಟಿಗೆ ಇದ್ದರೆ ಹಲವು ದೇಶಕ್ಕೆ ಸೇರಿಸಿ ಒತ್ತಿದ್ದು ಅಂತ ತಿಳ್ಕೊಳ್ಳಿ. ಬಾರ್‌ಕೋಡ್ ನೋಡಿ ತೀರ್ಮಾನ ಮಾಡಬೇಡಿ, ಅದು ಕಂಪನಿ ಬಾರ್‌ಕೋಡ್ ನೋಂದಾಯಿಸಿದ ದೇಶ ಹೇಳುತ್ತದೆಯೇ ಹೊರತು ರೆಕಾರ್ಡು ಒತ್ತಿದ ದೇಶವನ್ನಲ್ಲ. ಇನ್ನೊಂದು ಮಾತು: 1981ರ ಇಂಗ್ಲೆಂಡಿನ ‘ಡ್ರೀಮಿಂಗ್ ಆಫ್ ಮಿ’ ಹನ್ನೆರಡು ಇಂಚು ಇದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಆಗ ಅಲ್ಲಿ ಬಂದದ್ದು ಏಳು ಇಂಚು ಮಾತ್ರ.

ಅದೇ ವರ್ಷ ‘ಫ್ಲೆಕ್ಸಿಪಾಪ್’ ಅನ್ನುವ ಪತ್ರಿಕೆಯ ಜೊತೆ ಕಾಗದದಷ್ಟು ತೆಳ್ಳಗಿನ ಫ್ಲೆಕ್ಸಿ ಡಿಸ್ಕಿನಲ್ಲಿ ಒಂದು ಹಾಡು ಕೊಟ್ಟಿದ್ದರು. ಆಲ್ಬಮ್ಮಿನಲ್ಲಿ ‘ಐ ಸಮ್‌ಟೈಮ್ಸ್ ವಿಶ್’ ಅಂತ ಶುರುವಾಗುವ ಹೆಸರು ಇದರಲ್ಲಿ ‘ಸಮ್‌ಟೈಮ್ಸ್ ಐ ವಿಶ್’ ಅಂತ ಇದೆ. ಹಾಡು ಮಾತ್ರ ಬೇಕು, ಹಳೇ ವಸ್ತುವೇ ಆಗಬೇಕು ಅಂತೇನಿಲ್ಲ ಅನ್ನುವುದಾದರೆ 2018ರಿಂದ ಒಂದೊಂದು ಆಲ್ಬಮ್ಮಿನ ಹನ್ನೆರಡು ಇಂಚುಗಳನ್ನು ಪೆಟ್ಟಿಗೆಯಾಗಿ ಹೊಸದಾಗಿ ತಂದಿದ್ದಾರೆ. ಮೊದಲ ಪೆಟ್ಟಿಗೆಯಲ್ಲಿ ಆ ಫ್ಲೆಕ್ಸಿಯ ಹಾಡೂ ಇದೆ. ಅದಕ್ಕೂ ಅಗ್ಗವಾಗಿ ಮುಗಿಸಬೇಕಾದರೆ 1991ರ ಮೂರು ಸಿಡಿ ಪೆಟ್ಟಿಗೆ ಹುಡುಕಿ, ಒಂದೊಂದರಲ್ಲಿ 6 ಸಿಡಿ. ನನ್ನ ಕೇಳಿದರೆ ಮೊದಲು ಅದನ್ನು ಕೊಂಡು ಎಲ್ಲ ಹಾಡು ಕೇಳಿ, ಯಾವುದರ ಮೇಲೆ ಆಸೆ ಹುಟ್ಟಿತೋ ಅದರ ವಿನೈಲ್ ಹಿಂದೆ ಬೀಳಿ. ನಾನು ಇದನ್ನು ಉಲ್ಟಾ ಮಾಡಿದೆ.

ತರಿಸಿಕೊಳ್ಳುವ ವಿಚಾರ. ಒಂದೇ ರೆಕಾರ್ಡ್ ತರಿಸಿದರೆ ಮೂಗಿಗಿಂತ ಮೂಗುತಿ ಭಾರ. ಅಂಚೆ ಖರ್ಚು, ಅದರ ಮೇಲೆ ಕಸ್ಟಮ್ಸ್ ಸುಂಕ, ಎರಡೂ ಸೇರಿಸಿ ಲೆಕ್ಕ ಹಾಕಿ. ಆರೆಂಟು ಒಟ್ಟಿಗೆ ತರಿಸಿದರೆ ಒಂದೊಂದಕ್ಕೆ ಬೀಳುವ ಅಂಚೆ ಖರ್ಚು ಇಳಿಯುತ್ತದೆ. ಮಾರುವವರಿಗೆ ಒಂದು ಮಾತು ಬರೆಯಿರಿ: ರೆಕಾರ್ಡನ್ನು ಕವರಿನಿಂದ ತೆಗೆದು, ಒಳಗಿನ ಚೀಲದ ಸಮೇತ ಕವರಿನ ಹಿಂದೆ ಇಟ್ಟು ಪ್ಯಾಕ್ ಮಾಡಿ ಅಂತ. ಇಲ್ಲದಿದ್ದರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಸೀಳಿ ಬರುತ್ತದೆ. ಊರಿಗೆ ಬರುವ ಗೆಳೆಯರು ಇದ್ದರೆ ಇನ್ನೂ ವಾಸಿ. ಹನ್ನೆರಡು ಇಂಚಿನ ಕವರು ಕ್ಯಾಬಿನ್ ಬ್ಯಾಗಿನಲ್ಲಿ ನೆಟ್ಟಗೆ ಕೂರುತ್ತದೆ, ಎರಡು ಪಕ್ಕ ಎರಡು ಟೀ ಶರ್ಟ್ ಇಟ್ಟರೆ ಸಾಕು.

ಮನೆಗೆ ಬಂದ ಮೇಲೆ ಪುಸ್ತಕದ ಹಾಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ತಾರಸಿ ಮೇಲಿನ ಶೀಟಿನ ರೂಮು, ಬಿಸಿಲಲ್ಲಿ ನಿಂತ ಕಾರು ಎರಡೂ ಬೇಡ, ಅಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹೊರಗಿನ ಚೀಲ ಪಿವಿಸಿ ಆಗಿದ್ದರೆ ಬದಲಾಯಿಸಿ. ವರ್ಷ ಕಳೆದಂತೆ ಅದು ವಿನೈಲಿನ ಮೇಲೆ ಮಂಜು ಕವಿದ ಹಾಗೆ ಕಲೆ ಬಿಡುತ್ತದೆ, ಯಾವ ತೊಳೆತಕ್ಕೂ ಹೋಗಲ್ಲ. ಪಾಲಿಥೀನ್ ಚೀಲ ಸಾಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಸಿಲ್ವರ್‌ಫಿಶ್ ಅನ್ನುವ ಹುಳ ಕವರಿನ ಅಂಟು ತಿನ್ನೋಕೇ ಬರುತ್ತದೆ.

ಈಗ ನಿಮ್ಮ 14 ರೆಕಾರ್ಡ್ ಗಂಟು. ನೀವು ಹಾಕಿದ ಪಟ್ಟಿ ಪ್ರಕಾರ 7 ಇಂಟರ್‌ಕಾರ್ಡ್, ಅದರಲ್ಲಿ 4 ಈಗಾಗಲೇ ನಿಮ್ಮ ಹತ್ತಿರ ಇಂಗ್ಲೆಂಡಿನದು ಇವೆ. 3 ಸೈರ್, 2 ಎಲ್ 12, ಒಂದು ‘ಲಿಟಲ್ 15’, ಇನ್ನೊಂದು ‘ಪರ್ಸನಲ್ ಜೀಸಸ್’ ಏಳು ಇಂಚು. ನಿಜವಾಗಿ ಬೇಕಾದದ್ದು ಸೈರ್, ಎಲ್ 12, ‘ಲಿಟಲ್ 15’ ಸೇರಿ ಆರು. ಆ ಆರನ್ನೇ ಬಿಡಿಯಾಗಿ ಕೊಂಡರೆ ಎಷ್ಟಾಗುತ್ತೆ ಅಂತ ಡಿಸ್ಕಾಗ್ಸ್ ಅನ್ನುವ ರೆಕಾರ್ಡ್ ಮಾರುವ ವೆಬ್‌ಸೈಟ್‌ನಲ್ಲಿ ಮಾರಾಟವಾದ ಬೆಲೆ ನೋಡಿ. ಕೇಳುತ್ತಿರುವ ಬೆಲೆ ಬೇಡ, ಅದನ್ನು ಯಾರು ಎಷ್ಟು ಬೇಕಾದರೂ ಬರೀಬಹುದು. ಗಂಟಿನ ಬೆಲೆ ಅದಕ್ಕಿಂತ ಕಮ್ಮಿ ಇದ್ದರೆ ತಗೊಳ್ಳಿ, ಉಳಿದದ್ದು ಇಲ್ಲೇ ಗುಂಪಿನಲ್ಲಿ ಮಾರಿ. ‘ಪರ್ಸನಲ್ ಜೀಸಸ್’ ಕವರು ಪುಸ್ತಕದ ಹಾಗೆ ತೆರೆಯುತ್ತಾ ಕೇಳಿ. ತೆರೆದರೆ ಅದು ಜಿ ಬಾಂಗ್ 17 (ಜಿ ಅಂದರೆ ಗೇಟ್‌ಫೋಲ್ಡ್, ಹಾಗೆ ತೆರೆಯುವ ಕವರು), ಆಗ ಬೇಕಾದ್ದು ಏಳು ಆಯಿತು.

ದುಡ್ಡು ಹಾಕುವ ಮುಂಚೆ ಎರಡು ಎಲ್ 12ರ ರನ್‌ಔಟ್ ಫೋಟೋ ಕೇಳಿ ಇಲ್ಲಿ ಹಾಕಿ, ನಂಬರು ಓದಿ ಹೇಳ್ತೀನಿ. ಮಾರುವವರು ಸ್ಟುಟ್‌ಗಾರ್ಟ್ ಹತ್ತಿರದವರಾದರೆ ನಾನೇ ಹೋಗಿ ನೋಡಿ ಬರ್ತೀನಿ. ಡಿಸೆಂಬರ್‌ನಲ್ಲಿ ಮೈಸೂರಿಗೆ ಬರುವುದಿದೆ. ಬ್ಯಾಗಿನಲ್ಲಿ ಆರಕ್ಕೆ ಜಾಗ ಮಾಡಬಹುದು, ಹದಿನಾಲ್ಕಕ್ಕೆ ಆಗಲ್ಲ, ಅಮ್ಮನಿಗೆ ಚಾಕಲೇಟ್ ಬೇರೆ ತರಬೇಕು.